ಸೊಪ್ಪು, ಸಾರಾಯಿ, ಬೀಡಿ: ಒಂದು ಅಂಗಡಿ ತೆರೆದರೆ ಇನ್ನೊಂದು ಮುಚ್ಚುತ್ತದೆಯೇ? ಗಡಿನಾಡಿನ ಚರಿತ್ರೆಯಿಂದ ಕೆಲವು ಮಾತು

ನಾನು ಕನ್ನಡ ಎಂ.ಎ. ವಿದ್ಯಾರ್ಥಿ. ನಮ್ಮೂರು ಆಂಧ್ರದ ಮಡಕಶಿರಾ ಸೀಮೆಯದು. ಮೂರು ಕಡೆ ಕರ್ನಾಟಕ, ಒಂದು ಕಡೆ ಮಾತ್ರ ಆಂಧ್ರ. ಸಂತೆಗೆ ಶಿರಾ, ಕಚೇರಿಗೆ ಮಡಕಶಿರಾ ಅನ್ನೋ ಹಾಗೆ ನಮ್ಮ ಬದುಕು. ಹಿಂದಿನ ವಾರಗಳಲ್ಲಿ ಇಲ್ಲಿ ಕಾಸರಗೋಡಿನ ಶಾಲೆಗಳ ಬಗ್ಗೆ, ಜತ್ತ–ಅಕ್ಕಲಕೋಟೆಯ ಶಾಸನಗಳ ಬಗ್ಗೆ ಮಾತಾದವು. ನನ್ನ ವಿಷಯ ಸ್ವಲ್ಪ ಬೇರೆ. ಆದರೆ ಗಡಿಯವರಿಗೇ ಚೆನ್ನಾಗಿ ಅರ್ಥವಾಗುವ ವಿಷಯ ಅಂತ ನನಗೆ ಅನಿಸಿದೆ.

ನನ್ನ ಓರಗೆಯವರ ಬಾಯಲ್ಲಿ ಈಗ ಒಂದು ಮಾತು ಮತ್ತೆ ಮತ್ತೆ ಬರುತ್ತದೆ. "ಕೆನಡಾದಲ್ಲಿ ಗಾಂಜಾ ಕಾನೂನಾಗಿದೆ, ಜರ್ಮನಿಯಲ್ಲಿ ಆಗಿದೆ. ಇಲ್ಲೂ ಮಾಡಿದರೆ ಜನ ಕುಡಿಯೋದು ತಾನಾಗೇ ಬಿಡ್ತಾರೆ, ಸಿಗರೇಟೂ ಬಿಡ್ತಾರೆ." ಇದಕ್ಕೆ ಎದುರಾಗಿ ಹಿರಿಯರದು ಇನ್ನೊಂದು ಮಾತು: "ಅದನ್ನೂ ಬಿಟ್ಟುಬಿಟ್ಟರೆ ಎಲ್ಲ ಚಟಾನೂ ಒಟ್ಟಿಗೇ ಏರುತ್ತೆ." ಎರಡೂ ಮಾತಿನ ಅಡಿಯಲ್ಲಿ ಇರೋ ಪ್ರಶ್ನೆ ಒಂದೇ. ಒಂದು ಅಮಲಿಗೆ ಕಾನೂನು ಬಾಗಿಲು ತೆರೆದರೆ ಅಥವಾ ಮುಚ್ಚಿದರೆ, ವಯಸ್ಕರ ಉಳಿದ ಅಭ್ಯಾಸಗಳಿಗೆ ಏನಾಗುತ್ತದೆ? ಈ ಪ್ರಶ್ನೆ ಕೆನಡಾದಲ್ಲಿ ಹುಟ್ಟಿದ್ದಲ್ಲ. ನೂರಮೂವತ್ತು ವರ್ಷದ ಹಿಂದೆ ನಮ್ಮ ದೇಶದಲ್ಲೇ, ಸರ್ಕಾರಿ ಪ್ರಶ್ನಾವಳಿಯಲ್ಲೇ ಕೇಳಿದ ಪ್ರಶ್ನೆ ಇದು. ಅದರ ಅರ್ಧ ಉತ್ತರವನ್ನು ನಮ್ಮ ಗಡಿ ತಾಲ್ಲೂಕುಗಳು ಬದುಕಿಯೇ ತೋರಿಸಿವೆ.

1. ಹೆಸರುಗಳು, ಮತ್ತು ಜೊತೆಯ ವಸ್ತು

ಮೊದಲು ಪದಗಳು. ಒಂದೇ ಗಿಡದಿಂದ ಮೂರು ವಸ್ತು. ಎಲೆಯನ್ನು ಅರೆದು ಕುಡಿಯುವುದು ಅಥವಾ ತಿನ್ನುವುದು ಭಂಗಿ. ಹೆಣ್ಣು ಗಿಡದ ಹೂತೆನೆಯನ್ನು ಒಣಗಿಸಿ ಸೇದುವುದು ಗಾಂಜಾ. ಅಂಟನ್ನು ತೆಗೆದು ಸೇದುವುದು ಚರಸ್. ನಮ್ಮ ಕಡೆ ಜನ ಈ ಭೇದಕ್ಕೆಲ್ಲ ಹೋಗುವುದಿಲ್ಲ, ಎಲ್ಲಕ್ಕೂ "ಸೊಪ್ಪು" ಅಂದುಬಿಡುತ್ತಾರೆ. "ಅವನು ಸೊಪ್ಪು ಸೇದ್ತಾನೆ" ಅಂದರೆ ಸಾಕು, ಬೇರೆ ವಿವರಣೆ ಬೇಡ.

ಸಾಹಿತ್ಯದ ವಿದ್ಯಾರ್ಥಿಗೆ ಈ ವಸ್ತು ಎದುರಾಗುವುದು ತತ್ವಪದಗಳಲ್ಲಿ. ಶಿಶುನಾಳ ಶರೀಫರಲ್ಲಿ ಗುಡುಗುಡಿ ಸೇದುವುದು ದೇಹ ಮತ್ತು ಸಾಧನೆಯ ರೂಪಕವಾಗಿ ಬರುತ್ತದೆ. ಅವಧೂತ, ಆರೂಢ ಪರಂಪರೆಯ ಕೆಲವು ಗದ್ದುಗೆಗಳಲ್ಲಿ ಚಿಲುಮೆ ಭಜನೆಯ ಭಾಗವೇ ಆಗಿತ್ತು. ಆದರೆ ರೂಪಕದಿಂದ ಸ್ವಲ್ಪ ಕೆಳಗಿಳಿದು ಚಿಲುಮೆಯನ್ನೇ ನೋಡಿ. ಅದರೊಳಗೆ ಗಾಂಜಾ ಒಂದೇ ಇರುವುದಿಲ್ಲ, ಹೊಗೆಸೊಪ್ಪೂ ಇರುತ್ತದೆ. ಅಂಗೈಯಲ್ಲಿ ಎರಡನ್ನೂ ಸೇರಿಸಿ ತಿಕ್ಕಿ ತುಂಬುವುದೇ ಪದ್ಧತಿ. ಅಂದರೆ ಗಾಂಜಾ ಸೇದುವವನು ತಂಬಾಕನ್ನು ಬಿಟ್ಟವನಲ್ಲ, ತಂಬಾಕಿನ ಜೊತೆಗೇ ಸೇದುವವನು. ಈ ಸಣ್ಣ ಸಂಗತಿಯನ್ನು ದಯವಿಟ್ಟು ನೆನಪಲ್ಲಿಡಿ, ಮುಂದೆ ಬೇಕಾಗುತ್ತದೆ.

2. 1893ರ ಪ್ರಶ್ನೆ

1893ರ ಮಾರ್ಚ್‌ನಲ್ಲಿ ಲಂಡನ್ನಿನ ಕಾಮನ್ಸ್ ಸಭೆಯಲ್ಲಿ ಡಬ್ಲ್ಯು. ಎಸ್. ಕೇನ್ ಅನ್ನುವ ಸದಸ್ಯರು ಗಾಂಜಾ ಬಗ್ಗೆ ಪ್ರಶ್ನೆ ಎತ್ತಿದರು. ಕೇನ್ ಪಾನವಿರೋಧಿ ಚಳವಳಿಯ ಮನುಷ್ಯ. ಭಾರತದಲ್ಲಿ ಬ್ರಿಟಿಷ್ ಸರ್ಕಾರ ಹೆಂಡ, ಅಫೀಮು, ಗಾಂಜಾ ಎಲ್ಲದರಿಂದಲೂ ಹಣ ಮಾಡುತ್ತಿದೆ ಅನ್ನುವುದು ಅಂಥವರ ಆಕ್ಷೇಪವಾಗಿತ್ತು. ಅದೇ ವರ್ಷ ಸರ್ಕಾರ ಒಂದು ಆಯೋಗವನ್ನು ನೇಮಿಸಿತು. ಅದೇ ಇಂಡಿಯನ್ ಹೆಂಪ್ ಡ್ರಗ್ಸ್ ಕಮಿಷನ್. ಅಧ್ಯಕ್ಷರು ಮ್ಯಾಕ್‌ವರ್ತ್ ಯಂಗ್. ಸದಸ್ಯರಲ್ಲಿ ಮೂವರು ಭಾರತೀಯರೂ ಇದ್ದರು. 1,193 ಸಾಕ್ಷಿಗಳ ಹೇಳಿಕೆ ಪಡೆದು 1894ರಲ್ಲಿ ಅದು ಹಲವು ಸಂಪುಟಗಳ ವರದಿ ಕೊಟ್ಟಿತು.

ವರದಿಯ ಒಂದು ಮಾತನ್ನು ಎಲ್ಲರೂ ಎತ್ತಿ ಹೇಳುತ್ತಾರೆ. ಮಿತವಾಗಿ ಬಳಸಿದರೆ ಹೇಳಿಕೊಳ್ಳುವಂಥ ಹಾನಿ ಇಲ್ಲ, ಸಂಪೂರ್ಣ ನಿಷೇಧ ಬೇಕಿಲ್ಲ, ತೆರಿಗೆ ಮತ್ತು ಲೈಸೆನ್ಸಿನಿಂದ ಹಿಡಿತದಲ್ಲಿಟ್ಟರೆ ಸಾಕು ಅನ್ನುವ ಮಾತು. ಈ ತೀರ್ಮಾನ ಎಲ್ಲ ಸದಸ್ಯರಿಗೂ ಒಪ್ಪಿಗೆಯಾಗಿರಲಿಲ್ಲ. ಭಾರತೀಯ ಸದಸ್ಯರಲ್ಲಿ ಭಿನ್ನಾಭಿಪ್ರಾಯ ಬರೆದವರಿದ್ದಾರೆ.

ನನಗೆ ಹೆಚ್ಚು ಕುತೂಹಲ ಹುಟ್ಟಿಸಿದ್ದು ತೀರ್ಮಾನಕ್ಕಿಂತ ಪ್ರಶ್ನಾವಳಿ. ಅದರಲ್ಲಿ ಸಾಕ್ಷಿಗಳಿಗೆ ಎರಡು ಪ್ರಶ್ನೆ ಇವೆ. ಒಂದು, ಈಗ ಗಾಂಜಾ–ಭಂಗಿಯ ಜಾಗಕ್ಕೆ ಮದ್ಯ ಬರುತ್ತಿದೆಯೇ, ಬರುತ್ತಿದ್ದರೆ ಕಾರಣ ಏನು? ಇನ್ನೊಂದು, ಗಾಂಜಾ ನಿಷೇಧಿಸಿದರೆ ಜನ ಮದ್ಯಕ್ಕೋ ಬೇರೆ ಅಮಲಿಗೋ ತಿರುಗುತ್ತಾರೆಯೇ? ಇವತ್ತು ಅಮೆರಿಕದ ಸಂಶೋಧಕರು ಅಂಕಿಅಂಶ ಇಟ್ಟುಕೊಂಡು ಕೇಳುತ್ತಿರೋ ಪ್ರಶ್ನೆಯೇ ಅದು. ಆಯೋಗ ನಿಷೇಧ ಬೇಡ ಅಂದದ್ದಕ್ಕೆ ಕೊಟ್ಟ ಕಾರಣಗಳಲ್ಲಿ ಈ ಭಯವೂ ಸೇರಿತ್ತು. ಸೊಪ್ಪು ತಪ್ಪಿಸಿದರೆ ಬಡವರು ಇನ್ನೂ ಕೆಟ್ಟದ್ದಕ್ಕೆ ಕೈ ಹಾಕುತ್ತಾರೆ ಅಂತ.

ಈ ವಾದವನ್ನು ನಂಬುವ ಮುಂಚೆ ಎರಡು ವಿಷಯ ನೋಡಬೇಕು. ಸರ್ಕಾರಕ್ಕೆ ಎರಡೂ ಅಂಗಡಿಯಿಂದ ಆದಾಯ ಇತ್ತು. ಆದ್ದರಿಂದ "ಮುಚ್ಚಿದರೆ ಕೆಟ್ಟದಾಗುತ್ತೆ" ಅನ್ನೋ ಉತ್ತರ ಖಜಾನೆಗೂ ಹಿತವಾಗಿತ್ತು. ಇನ್ನೊಂದು, ಸಾಕ್ಷಿ ಹೇಳಿದವರಲ್ಲಿ ಅಧಿಕಾರಿಗಳು, ವೈದ್ಯರು, ಪಾದ್ರಿಗಳು, ಜಮೀನ್ದಾರರು ಮುಂದಿದ್ದರು. ಕುಡಿದು ಬಂದವನ ಮನೆಯ ಹೆಂಗಸಿಗೆ ಯಾವ ಅಮಲು ಎಂಥದ್ದು ಅಂತ ಕೇಳುವುದು ಆ ಕಾಲದ ಸರ್ಕಾರಿ ಪದ್ಧತಿಯಲ್ಲಿ ಇರಲಿಲ್ಲ. ಆ ಧ್ವನಿ ದಾಖಲೆಗೆ ಬರಲು ಸುಮಾರು ನೂರು ವರ್ಷ ಬೇಕಾಯಿತು. ಬಂದದ್ದು ನಮ್ಮ ಆಂಧ್ರದಿಂದಲೇ. ಅದನ್ನು ಆಮೇಲೆ ಹೇಳುತ್ತೇನೆ.

3. ಎರಡನ್ನೂ ಒಟ್ಟಿಗೆ ಮುಚ್ಚಿದ ಕಾಲ

ಆಯೋಗ ಬೇಡ ಅಂದದ್ದನ್ನು ನಲವತ್ತು ವರ್ಷದ ಮೇಲೆ ಮಾಡಿ ತೋರಿಸಿದವರು ರಾಜಾಜಿ. ಅವರು ಹುಟ್ಟಿದ್ದು ಹೊಸೂರಿನ ಪಕ್ಕದ ತೊರಪಳ್ಳಿಯಲ್ಲಿ. ಹೊಸೂರು ಆಗ ಸೇಲಂ ಜಿಲ್ಲೆಯ ತಾಲ್ಲೂಕು. ಮದ್ರಾಸ್ ಪ್ರಾಂತ್ಯದ ಪ್ರಧಾನಿಯಾದ ರಾಜಾಜಿ 1937ರ ಅಕ್ಟೋಬರ್ 1ರಿಂದ ಪಾನನಿಷೇಧವನ್ನು ಮೊದಲು ಜಾರಿಗೆ ತಂದದ್ದು ಸೇಲಂ ಜಿಲ್ಲೆಯಲ್ಲೇ. ಹೀಗಾಗಿ ಕನ್ನಡ, ತೆಲುಗು, ತಮಿಳು ಮೂರೂ ಮಾತಾಡುವ ಹೊಸೂರು ಈ ಪ್ರಯೋಗದ ಮೊದಲ ಸಾಲಿನಲ್ಲಿತ್ತು. ಗಮನಿಸಬೇಕಾದ್ದು ಏನಂದರೆ ಆ ಕಾನೂನು ಮದ್ಯಕ್ಕೆ ಮಾತ್ರ ಅಲ್ಲ. ಗಾಂಜಾ, ಭಂಗಿಗಳೂ "ಅಮಲು ವಸ್ತು" ಅಂತ ಅದರಲ್ಲೇ ಸೇರಿದ್ದವು. ಒಂದನ್ನು ಮುಚ್ಚಿ ಇನ್ನೊಂದನ್ನು ಬಿಡುವ ಪ್ರಶ್ನೆಯೇ ಇರಲಿಲ್ಲ.

ಆದರೆ ಹೊಸೂರಿನಿಂದ ಹತ್ತು ಕಿಲೋಮೀಟರಿನೊಳಗೆ ಅತ್ತಿಬೆಲೆ. ಅಲ್ಲಿಂದಾಚೆ ಮೈಸೂರು ಸಂಸ್ಥಾನ, ಬೇರೆ ಅಬಕಾರಿ ಕಾನೂನು. ಕಾನೂನು ಬರೆಯುವವರಿಗೆ ಜಿಲ್ಲೆ ಅಂದರೆ ನಕ್ಷೆಯ ಮೇಲಿನ ಗೆರೆ. ಗಡಿಯವನಿಗೆ ಅದು ಅರ್ಧ ದಿನದ ನಡಿಗೆ. ಇನ್ನೂ ಒಂದು ವಿಷಯ ಇದೆ. ಅಬಕಾರಿ ಆದಾಯ ಹೋದದ್ದನ್ನು ತುಂಬಿಕೊಳ್ಳಲು ರಾಜಾಜಿ ಸರ್ಕಾರ 1939ರಲ್ಲಿ ಮಾರಾಟ ತೆರಿಗೆ ತಂದಿತು. ಅಂದರೆ ಅಮಲಿನ ಅಂಗಡಿ ಮುಚ್ಚಬೇಕಾದರೆ ಖಜಾನೆಗೆ ಬೇರೆ ದಾರಿ ಹುಡುಕಲೇಬೇಕು ಅನ್ನೋದು ಮೊದಲ ದಿನದಿಂದಲೇ ಗೊತ್ತಿತ್ತು.

ಯುದ್ಧಕಾಲದಲ್ಲಿ ಈ ನಿಷೇಧ ನಿಂತುಹೋಯಿತು. ಸ್ವಾತಂತ್ರ್ಯ ಬಂದ ಮೇಲೆ 1948ರ ಅಕ್ಟೋಬರ್ 2ರ ಹೊತ್ತಿಗೆ ಇಡೀ ಮದ್ರಾಸ್ ಪ್ರಾಂತ್ಯಕ್ಕೆ ಹರಡಿತು. ಇಲ್ಲಿ ಕೂತಿರೋ ಎಷ್ಟು ಊರುಗಳು ಆ ಒಂದೇ ಛತ್ರಿಯ ಕೆಳಗೆ ಇದ್ದವು ನೋಡಿ. ಕಾಸರಗೋಡು ಆಗ ದಕ್ಷಿಣ ಕನ್ನಡ ಜಿಲ್ಲೆಯಲ್ಲಿ, ತಾಳವಾಡಿ ಕೊಯಮತ್ತೂರಿನಲ್ಲಿ, ವಯನಾಡು ಮಲಬಾರಿನಲ್ಲಿ, ಆದವಾನಿ–ರಾಯದುರ್ಗ ಬಳ್ಳಾರಿಯಲ್ಲಿ, ಮಡಕಶಿರಾ ಅನಂತಪುರದಲ್ಲಿ. ಜೊತೆಗೆ ನೀಲಗಿರಿ, ಹೊಸೂರು. ಎಲ್ಲ ಕಡೆ ನಿಷೇಧ. ಆ ಕಡೆ ಮುಂಬಯಿ ಪ್ರಾಂತ್ಯದಲ್ಲಿ 1949ರ ಪಾನನಿಷೇಧ ಕಾಯ್ದೆ ಬಂದು 1950ರಲ್ಲಿ ರಾಜ್ಯಾದ್ಯಂತ ಜಾರಿಯಾಯಿತು. ಸೊಲ್ಲಾಪುರದ ಜೊತೆಗೆ, ಆಗತಾನೆ ಸಂಸ್ಥಾನ ಬಿಟ್ಟು ವಿಲೀನವಾಗಿದ್ದ ಅಕ್ಕಲಕೋಟೆ, ಜತ್ತಗಳೂ ಅದರಡಿ ಬಂದವು. ಆ ಕಾಯ್ದೆಯಲ್ಲೂ ಗಾಂಜಾ ಸೇರಿತ್ತು.

ಇದಕ್ಕೆ ಎದುರಾಗಿ ಹೈದರಾಬಾದ್ ರಾಜ್ಯ. ಅಲ್ಲಿ ಸೇಂದಿ, ಸಾರಾಯಿಯ ಗುತ್ತಿಗೆ ನಡೆಯುತ್ತಲೇ ಇತ್ತು. ತುಂಗಭದ್ರೆಯ ಈ ದಡದ ಆದವಾನಿ ಸೀಮೆಯಲ್ಲಿ ನಿಷೇಧ, ಆ ದಡದ ರಾಯಚೂರಿನಲ್ಲಿ ಅಂಗಡಿ. ಅಕ್ಕಲಕೋಟೆಯಲ್ಲಿ ನಿಷೇಧ, ಪಕ್ಕದ ಆಳಂದದಲ್ಲಿ ಅಂಗಡಿ. 1956ರಲ್ಲಿ ಆಂಧ್ರ ಪ್ರದೇಶ ಆದಾಗಲೂ ಒಂದೇ ರಾಜ್ಯದೊಳಗೆ ಆಂಧ್ರ ಭಾಗಕ್ಕೆ ಮದ್ರಾಸಿನ ನಿಷೇಧ, ತೆಲಂಗಾಣಕ್ಕೆ ನಿಜಾಮರ ಕಾಲದ ಅಬಕಾರಿ. ಹೀಗೆ ಎರಡು ಅಭ್ಯಾಸದ ನಡುವೆ ಒಂದು ಹೊಳೆಯೋ ಒಂದು ಹೊಲದ ಬದುವೋ ಅಷ್ಟೇ ಅಡ್ಡ ಇತ್ತು.

ಈ ಎಲ್ಲ ವರ್ಷಗಳಲ್ಲಿ ಎಲ್ಲೂ ಮುಚ್ಚದ ಅಂಗಡಿ ಒಂದೇ, ಬೀಡಿಯದು. ರಾಜಾಜಿಯ ಕಾನೂನಿನಲ್ಲಿ ತಂಬಾಕು ಇರಲಿಲ್ಲ, ಮುಂಬಯಿ ಕಾಯ್ದೆಯಲ್ಲೂ ಇರಲಿಲ್ಲ. ಸೊಪ್ಪಿನ ಜೊತೆಗಿದ್ದ ಹೊಗೆಸೊಪ್ಪು, ಸೊಪ್ಪು ಹೋದ ಮೇಲೂ ಉಳಿಯಿತು. ಸಾರಾಯಿ ಇದ್ದಾಗ ಅದರ ಪಕ್ಕದಲ್ಲಿತ್ತು, ಸಾರಾಯಿ ಇಲ್ಲದಾಗ ಒಂಟಿಯಾಗಿಯೂ ಇತ್ತು. ನಮ್ಮ ಗಡಿಯವರಿಗೆ ಬೀಡಿ ಬರೀ ಚಟ ಅಲ್ಲ, ಅನ್ನ ಕೂಡ. ಸೊಲ್ಲಾಪುರದಲ್ಲಿ ಮನೆಮನೆಯಲ್ಲಿ ಹೆಂಗಸರು ಬೀಡಿ ಕಟ್ಟಿ ಸಂಸಾರ ನಡೆಸಿದ್ದಾರೆ. ಊರ ಹೊರಗೆ ಕುಂಭಾರಿಯಲ್ಲಿ ಬೀಡಿ ಕಾರ್ಮಿಕ ಮಹಿಳೆಯರಿಗಾಗಿ ಗೋದೂತಾಯಿ ಪರುಳೇಕರ್ ಹೆಸರಿನಲ್ಲಿ ಹತ್ತು ಸಾವಿರ ಮನೆಗಳ ಕಾಲನಿಯೇ ಎದ್ದಿದೆ. ಕಾಸರಗೋಡಿನ ಕಡೆಯವರಿಗೂ ಈ ಕಸುಬು ಹೊಸದಲ್ಲ.

4. 1985: ಒಂದು ಮುಚ್ಚಿತು, ಇನ್ನೊಂದು ಪ್ಯಾಕೆಟ್ಟಿನಲ್ಲಿ ಬಂತು

1961ರಲ್ಲಿ ಮಾದಕ ವಸ್ತುಗಳ ಮೇಲೆ ಅಂತರರಾಷ್ಟ್ರೀಯ ಒಪ್ಪಂದ ಆಯಿತು. ಗಾಂಜಾ ರೂಢಿಯಲ್ಲಿದ್ದ ದೇಶಗಳಿಗೆ ಅದನ್ನು ನಿಲ್ಲಿಸಲು 25 ವರ್ಷದ ಗಡುವು ಕೊಟ್ಟರು. ಭಾರತ ಆ ಗಡುವಿನ ಕೊನೆಗೆ ಎನ್‌ಡಿಪಿಎಸ್ ಕಾಯ್ದೆ ತಂದು 1985ರ ನವೆಂಬರ್ 14ರಿಂದ ಜಾರಿ ಮಾಡಿತು. ಗಾಂಜಾ, ಚರಸ್ ಇಡೀ ದೇಶದಲ್ಲಿ ಅಪರಾಧವಾದವು. ಎಲೆಯನ್ನು ಮಾತ್ರ ಆ ವ್ಯಾಖ್ಯೆಯಿಂದ ಹೊರಗಿಟ್ಟರು. ಹಾಗಾಗಿ ಕೆಲವು ರಾಜ್ಯಗಳಲ್ಲಿ ಭಂಗಿ ಇವತ್ತೂ ಅಂಗಡಿಯಲ್ಲಿ ಸಿಗುತ್ತದೆ.

ಗಡಿಯ ದೃಷ್ಟಿಯಿಂದ ಇದು ದೊಡ್ಡ ಬದಲಾವಣೆ. ಅಲ್ಲಿಯವರೆಗೆ ಗಾಂಜಾ ಕಾನೂನೂ ಹೆಂಡದ ಕಾನೂನಿನ ಹಾಗೆ ರಾಜ್ಯದಿಂದ ರಾಜ್ಯಕ್ಕೆ ಬದಲಾಗುತ್ತಿತ್ತು. 1985ರ ನಂತರ ಗಾಂಜಾಕ್ಕೆ ಗಡಿಯ ಎರಡೂ ಕಡೆ ಒಂದೇ ಕಾನೂನು, ಸಾರಾಯಿಗೆ ಮಾತ್ರ ಬೇರೆ ಬೇರೆ. ಸಂವಿಧಾನದ 47ನೇ ವಿಧಿ ಪಾನನಿಷೇಧದ ಕಡೆ ಸಾಗಬೇಕು ಅನ್ನುತ್ತದೆ. ಅದೇ ಸಂವಿಧಾನ ಮದ್ಯವನ್ನೂ ಅದರ ತೆರಿಗೆಯನ್ನೂ ರಾಜ್ಯಗಳ ಕೈಗೆ ಕೊಟ್ಟಿದೆ. ಗಾಂಜಾದಿಂದ ಯಾವ ರಾಜ್ಯಕ್ಕೂ ಆದಾಯ ಇಲ್ಲ, ಮದ್ಯದಿಂದ ಹೆಚ್ಚಿನ ರಾಜ್ಯಗಳಿಗೆ ಇದೆ.

ಅದೇ 1980ರ ದಶಕದಲ್ಲಿ ಆಂಧ್ರದಲ್ಲಿ ಸರ್ಕಾರಿ ಸಾರಾಯಿ ಪ್ಯಾಕೆಟ್ಟಿನಲ್ಲಿ ಹಳ್ಳಿಗೆ ಬಂತು. "ವಾರುಣಿ ವಾಹಿನಿ" ಅನ್ನುವುದು ಆ ಯೋಜನೆಯ ಹೆಸರು. ಪಟ್ಟಣಕ್ಕೆ ಹೋಗಿ ಕುಡಿಯಬೇಕಾಗಿದ್ದವನಿಗೆ ಹೊಲದ ಬದುವಿನಲ್ಲೇ ಸಿಗೋ ಹಾಗಾಯಿತು.

ಇಲ್ಲಿ ಒಂದು ಎಚ್ಚರ ಬೇಕು. ಸೊಪ್ಪು ನಿಂತದ್ದರಿಂದ ಸಾರಾಯಿ ಹೆಚ್ಚಿತು ಅಂತ ಹೇಳಿಬಿಡುವುದು ಸುಲಭ. ಎರಡೂ ಒಂದೇ ಕಾಲದಲ್ಲಿ ಆದವು ಅನ್ನುವುದು ನಿಜ. ಆದರೆ ಸಾರಾಯಿ ಹರಡಲು ಸೊಪ್ಪು ನಿಲ್ಲಬೇಕಾಗಿರಲಿಲ್ಲ. ಪ್ಯಾಕೆಟ್ಟು, ಹರಾಜು, ಗುತ್ತಿಗೆದಾರ, ಹಳ್ಳಿಗೊಂದು ಅಂಗಡಿ ಇಷ್ಟು ಸಾಕಾಗಿತ್ತು. ಸೊಪ್ಪು ಸೇದುತ್ತಿದ್ದವರು ಊರಿಗೆ ಹತ್ತೋ ಹದಿನೈದೋ ಜನ. ಸಾರಾಯಿ ಕುಡಿದದ್ದು ಅರ್ಧ ಊರು. ಹತ್ತು ಜನರ ಚಟ ಕಿತ್ತು ಅರ್ಧ ಊರಿಗೆ ಹಂಚಲು ಆಗುವುದಿಲ್ಲ.

ನನ್ನ ಕಿರುಪ್ರಬಂಧಕ್ಕಾಗಿ ನಮ್ಮ ಸೀಮೆಯ ತತ್ವಪದ ಹಾಡುವ ಹಿರಿಯರನ್ನು ಮಾತಾಡಿಸುತ್ತಿದ್ದೇನೆ. ಹಾಡು ಕೇಳಿದರೆ ಗಂಟೆಗಟ್ಟಲೆ ಹಾಡುತ್ತಾರೆ. ಚಿಲುಮೆ ಮಾತು ಬಂದ ಕೂಡಲೇ "ಆ ಫೋನು ಆರಿಸಪ್ಪಾ" ಅನ್ನುತ್ತಾರೆ. ಎಪ್ಪತ್ತು ದಾಟಿದವರು, ಭಜನೆ ಮನೆ ಬಿಟ್ಟು ಬೇರೆ ಏನೂ ಕಾಣದವರು. ಈ ಕಾನೂನಿನಲ್ಲಿ ಗಾಂಜಾ ಸೇದಿದ್ದಕ್ಕೆ ಆರು ತಿಂಗಳವರೆಗೆ ಜೈಲು ಅಥವಾ ಹತ್ತು ಸಾವಿರದವರೆಗೆ ದಂಡ, ಇಲ್ಲವೇ ಎರಡೂ. ಒಂದು ಪರಂಪರೆಯ ಅರ್ಧ ನೆನಪು ಆ ಹೆದರಿಕೆಯಲ್ಲಿ ಹೂತುಹೋಗುತ್ತಿದೆ. ಹಾಡಿನ ಪಠ್ಯ ಉಳಿಯುತ್ತದೆ. ಹಾಡು ಹುಟ್ಟಿದ ರಾತ್ರಿಗಳ ವಿವರ ಹೋಗುತ್ತದೆ.

ನಮ್ಮಜ್ಜಿಗೆ ಈ ಹೆದರಿಕೆ ಇಲ್ಲ. "ಸೊಪ್ಪು ಸೇದಿದೋರು ಬಂದು ಮಲಗ್ತಿದ್ರು. ಸಾರಾಯಿ ಕುಡ್ದೋರು ಬಂದು ಹೊಡೀತಿದ್ರು. ಮಲಗಿದೋರು ಬೆಳಿಗ್ಗೆ ಕೂಲಿಗೆ ಏಳ್ತಿರ್ಲಿಲ್ಲ, ಹೊಡ್ದೋರು ಕೂಲಿ ದುಡ್ಡು ಕೊಡ್ತಿರ್ಲಿಲ್ಲ. ನಮಗೆ ಯಾವುದಾದ್ರೇನು?" ಅನ್ನುತ್ತಾಳೆ. 1894ರ ವರದಿಯಲ್ಲಿ ನಾನು ಹುಡುಕುತ್ತಿದ್ದ ಸಾಕ್ಷಿ ಹೇಳಿಕೆ ಇದೇ ಅಂತ ನನಗೆ ಅನಿಸಿತು. ಎರಡಕ್ಕೂ ವ್ಯತ್ಯಾಸ ಇದೆ, ಆ ವ್ಯತ್ಯಾಸ ಸಣ್ಣದೇನಲ್ಲ. ಆದರೆ ಒಂದು ಹೋಗಿ ಇನ್ನೊಂದು ಬಂದರೆ ತನ್ನ ಮನೆ ಉದ್ಧಾರ ಆಗುತ್ತಿತ್ತು ಅಂತ ಅವಳು ಹೇಳುತ್ತಿಲ್ಲ.

5. ಹೆಂಗಸರು ಮುಚ್ಚಿಸಿದ ಅಂಗಡಿ, ಗಡಿಯಾಚೆಯ ಅಂಗಡಿ

ನಾನು ಆಗ ಹೇಳಿದ ನೂರು ವರ್ಷದ ನಂತರದ ಧ್ವನಿ ಇದು. 1990ರ ದಶಕದ ಆರಂಭದಲ್ಲಿ ನೆಲ್ಲೂರು ಜಿಲ್ಲೆಯ ದೂಬಗುಂಟದಲ್ಲಿ ಸಾಕ್ಷರತಾ ತರಗತಿಗೆ ಬರುತ್ತಿದ್ದ ಹೆಂಗಸರು ಊರಿನ ಸಾರಾಯಿ ಅಂಗಡಿ ಮುಚ್ಚಿಸಿದರು. ರೋಸಮ್ಮ ಅವರ ಹೆಸರು ಎಲ್ಲರಿಗೂ ಗೊತ್ತು. 1992ರಲ್ಲಿ ಅದು ಜಿಲ್ಲೆಯಿಂದ ಜಿಲ್ಲೆಗೆ ಹಬ್ಬಿತು, ಹರಾಜುಗಳು ನಿಂತವು. 1993ರ ಅಕ್ಟೋಬರ್ 1ರಿಂದ ಆಂಧ್ರದಲ್ಲಿ ಸಾರಾಯಿ ನಿಷೇಧ. 1995ರ ಜನವರಿ 16ರಿಂದ ಎನ್.ಟಿ. ರಾಮರಾವ್ ಸರ್ಕಾರದ ಸಂಪೂರ್ಣ ಪಾನನಿಷೇಧ. ಖಜಾನೆ ತಡೆದುಕೊಳ್ಳಲಿಲ್ಲ, ಕಳ್ಳಸಾಗಣೆಯೂ ನಿಲ್ಲಲಿಲ್ಲ. 1997ರಲ್ಲಿ ಚಂದ್ರಬಾಬು ನಾಯ್ಡು ಸರ್ಕಾರ ಅದನ್ನು ತೆಗೆಯಿತು. ಸಾರಾಯಿ ನಿಷೇಧ ಮಾತ್ರ ಉಳಿಯಿತು.

ಈಗ ಗಡಿ ನೋಡಿ. ಕರ್ನಾಟಕದಲ್ಲಿ ಸಾರಾಯಿ ನಿಂತದ್ದು 2007ರ ಜುಲೈ 1ರಂದು. ಅಂದರೆ ಸುಮಾರು ಹದಿನಾಲ್ಕು ವರ್ಷ ನಮ್ಮೂರಲ್ಲಿ ಸಾರಾಯಿ ಅಪರಾಧ, ನಾಲ್ಕು ಮೈಲಿ ಆಚೆ ಲೈಸೆನ್ಸ್ ಅಂಗಡಿ. ಕೇರಳದಲ್ಲಿ ಸಾರಾಯಿ ನಿಂತದ್ದು 1996ರ ಏಪ್ರಿಲ್ 1ಕ್ಕೆ. ಕಾಸರಗೋಡಿನವರಿಗೂ ಹನ್ನೊಂದು ವರ್ಷ ಇದೇ ಸ್ಥಿತಿ. ನಮ್ಮೂರಿನ ಹಿರಿಯರು ಹೇಳುವ ಪ್ರಕಾರ ಆಗ ಎರಡು ಗುಂಪಾದವು. ನಡೆದು ಹೋಗಲು ಮೈಯಲ್ಲಿ ಶಕ್ತಿ, ಕೈಯಲ್ಲಿ ದುಡ್ಡು ಇದ್ದವರು ಗಡಿ ದಾಟಿದರು. ಮುದುಕರು, ದಿನಗೂಲಿಯವರು, ಹೆಂಡತಿಯ ಕಣ್ಣಿಗೆ ಹೆದರುವವರು ಕಡಿಮೆ ಮಾಡಿದರು, ಕೆಲವರು ಬಿಟ್ಟೇಬಿಟ್ಟರು. ಬಿಟ್ಟವರು ಸೊಪ್ಪಿಗೆ ಹೋದರೇ ಅಂತ ಕೇಳಿದೆ. "ಸೊಪ್ಪೆಲ್ಲಿತ್ತಪ್ಪಾ ಆಗ, ಬೀಡಿ ಜಾಸ್ತಿ ಆಯ್ತು, ಟೀ ಜಾಸ್ತಿ ಆಯ್ತು" ಅಂದರು.

ಇತ್ತೀಚಿನದೂ ಹಾಗೇ. 2019ರ ನಂತರ ಆಂಧ್ರದಲ್ಲಿ ಮದ್ಯದಂಗಡಿ ಸರ್ಕಾರದ ಕೈಗೆ ಬಂತು, 2020ರ ಮೇ ತಿಂಗಳಲ್ಲಿ ಬೆಲೆ ಒಟ್ಟು ಶೇ. 75ರಷ್ಟು ಏರಿತು. ಕರ್ನಾಟಕದ ಟೆಟ್ರಾ ಪ್ಯಾಕ್ ಗಡಿ ದಾಟಿ ಬಂತು. 2024ರ ಅಕ್ಟೋಬರಿನಲ್ಲಿ ನೀತಿ ಬದಲಾಗಿ 99 ರೂಪಾಯಿಯ ಮದ್ಯ ಆಂಧ್ರದಲ್ಲೇ ಬಂತು. ಈ ಮೂವತ್ತು ವರ್ಷದಲ್ಲಿ ಗಾಂಜಾ ನಿಷೇಧ ತೆರವಾಗಿಲ್ಲ. ಆದರೂ ಕುಡಿಯುವುದು ಏರಿದೆ, ಇಳಿದಿದೆ, ಗಡಿ ದಾಟಿದೆ. ಏರಿಳಿಸಿದ್ದು ಮೂರು: ಅಂಗಡಿ ಎಷ್ಟು ದೂರ, ಬೆಲೆ ಎಷ್ಟು, ಮನೆಯವರ ಮತ್ತು ಊರಿನ ಒತ್ತಾಯ ಎಷ್ಟು.

6. ಇವತ್ತಿನ ಲೆಕ್ಕ

ಈ ಹಿನ್ನೆಲೆ ಇಟ್ಟುಕೊಂಡು ಗಾಂಜಾಕ್ಕೆ ಒಪ್ಪಿಗೆ ಕೊಟ್ಟ ದೇಶಗಳ ಲೆಕ್ಕ ನೋಡೋಣ. ಅಮೆರಿಕದಲ್ಲಿ ಕೊಲೊರಾಡೊ, ವಾಷಿಂಗ್ಟನ್ ರಾಜ್ಯಗಳ ಮತದಾರರು 2012ರಲ್ಲಿ ಒಪ್ಪಿದರು. ಉರುಗ್ವೆ 2013ರಲ್ಲಿ, ಕೆನಡಾ 2018ರ ಅಕ್ಟೋಬರ್ 17ರಂದು, ಜರ್ಮನಿ 2024ರ ಏಪ್ರಿಲ್ 1ರಂದು.

ಅಮೆರಿಕದ ರಾಷ್ಟ್ರೀಯ ಸಮೀಕ್ಷೆಗಳನ್ನು ಜೋಡಿಸಿ ಜೊನಾಥನ್ ಕಾಲ್ಕಿನ್ಸ್ ಅನ್ನುವ ಸಂಶೋಧಕರು 2024ರಲ್ಲಿ ಒಂದು ಲೇಖನ ಪ್ರಕಟಿಸಿದರು. ದಿನವೂ ಅಥವಾ ಹೆಚ್ಚುಕಡಿಮೆ ದಿನವೂ ಗಾಂಜಾ ಬಳಸುವವರು 1992ರಲ್ಲಿ ಸುಮಾರು 9 ಲಕ್ಷ, 2022ರಲ್ಲಿ 1 ಕೋಟಿ 77 ಲಕ್ಷ. ಅದೇ ರೀತಿ ದಿನವೂ ಕುಡಿಯುವವರು 2022ರಲ್ಲಿ 1 ಕೋಟಿ 47 ಲಕ್ಷ. "ಗಾಂಜಾ ಮದ್ಯವನ್ನು ಹಿಂದೆ ಹಾಕಿತು" ಅಂತ ಪತ್ರಿಕೆಗಳು ಬರೆದವು. ಹಿಂದೆ ಹಾಕಿದ್ದು ನಿಜ. ಆದರೆ 1992ರಲ್ಲಿ ದಿನವೂ ಕುಡಿಯುವವರು ಎಷ್ಟಿದ್ದರು? 89 ಲಕ್ಷ. ಜನಸಂಖ್ಯೆ ಬೆಳೆದದ್ದನ್ನು ಕಳೆದರೂ ಆ ಸಂಖ್ಯೆ ಇಳಿದಿಲ್ಲ. ಅಂದರೆ ಒಂದು ಏರಿದ್ದಕ್ಕೆ ಇನ್ನೊಂದು ಜಾಗ ಬಿಟ್ಟುಕೊಡಲಿಲ್ಲ. ಒಟ್ಟಾರೆ ಎಂದಾದರೊಮ್ಮೆ ಕುಡಿಯುವವರ ಸಂಖ್ಯೆ ಈಗಲೂ ಗಾಂಜಾ ಬಳಸುವವರಿಗಿಂತ ಬಹಳ ಹೆಚ್ಚು.

ಕೆನಡಾದ ಮಾರಾಟದ ಲೆಕ್ಕ ಇಟ್ಟುಕೊಂಡು 2022ರಲ್ಲಿ ಬಂದ ಅಧ್ಯಯನ ಬೇರೆ ಥರ ಹೇಳುತ್ತದೆ. ಗಾಂಜಾಕ್ಕೆ ಒಪ್ಪಿಗೆ ಸಿಕ್ಕ ಮೇಲೆ ಬಿಯರ್ ಮಾರಾಟ ತಗ್ಗಿತು. ವಿಸ್ಕಿ, ವೋಡ್ಕಾದಂಥ ಗಟ್ಟಿ ಮದ್ಯದಲ್ಲಿ ಅಂಥ ಬದಲಾವಣೆ ಕಾಣಲಿಲ್ಲ. ಹಾಗಾಗಿ ಪರ್ಯಾಯದ ವಾದ ಪೂರ್ತಿ ಸುಳ್ಳೂ ಅಲ್ಲ. ಕೆಲವರು, ಕೆಲವು ಪಾನೀಯದ ಬದಲು, ಕೆಲವು ಸಂದರ್ಭದಲ್ಲಿ ಇದನ್ನು ಆರಿಸುತ್ತಾರೆ. ಅದನ್ನು ಇಡೀ ಸಮಾಜದ ಔಷಧಿ ಅಂತ ಹೇಳಲು ಬರುವುದಿಲ್ಲ.

ಸಿಗರೇಟಿನ ಕತೆ ಇನ್ನೂ ಸ್ಪಷ್ಟ. ಅಮೆರಿಕದ ವಯಸ್ಕರಲ್ಲಿ ಸಿಗರೇಟು ಸೇದುವವರು 1965ರಲ್ಲಿ ಶೇ. 42, 2022ರ ಹೊತ್ತಿಗೆ ಶೇ. 12ರ ಒಳಗೆ. ಈ ಇಳಿಕೆಯ ಬಹುಪಾಲು ಆದದ್ದು ಗಾಂಜಾ ಒಪ್ಪಿಗೆಗೆ ಮುಂಚೆಯೇ. ನಮ್ಮ ದೇಶ ನೋಡಿ. ವಯಸ್ಕರ ತಂಬಾಕು ಸಮೀಕ್ಷೆಯ ಪ್ರಕಾರ ಯಾವುದೇ ರೂಪದಲ್ಲಿ ತಂಬಾಕು ಬಳಸುವವರು 2009–10ರಲ್ಲಿ ಶೇ. 34.6, 2016–17ರಲ್ಲಿ ಶೇ. 28.6. ಸೇದುವವರು ಶೇ. 14ರಿಂದ ಶೇ. 10.7ಕ್ಕೆ ಇಳಿದರು. ಅಲ್ಲಿ ಗಾಂಜಾ ಬಾಗಿಲು ತೆರೆಯಿತು, ಇಲ್ಲಿ ಮುಚ್ಚಿಯೇ ಇತ್ತು. ಎರಡೂ ಕಡೆ ಸೇದುವುದು ಇಳಿಯಿತು. ತೆರಿಗೆ, ಪ್ಯಾಕಿನ ಮೇಲಿನ ಚಿತ್ರ, 2008ರ ಅಕ್ಟೋಬರ್ 2ರಿಂದ ಬಂದ ಸಾರ್ವಜನಿಕ ಸ್ಥಳದ ಧೂಮಪಾನ ನಿಷೇಧ ಇಂಥವು ಮಾಡಿದ ಕೆಲಸ ಅದು.

ಇಲ್ಲಿಗೆ ಚಿಲುಮೆಯ ಮಾತು ಮತ್ತೆ ಬರುತ್ತದೆ. ಯುರೋಪಿನಲ್ಲಿ ಹೆಚ್ಚಿನವರು ಗಾಂಜಾವನ್ನು ತಂಬಾಕಿನ ಜೊತೆ ಬೆರೆಸಿಯೇ ಸೇದುತ್ತಾರೆ, ನಮ್ಮ ಹಾಗೆ. ಅಂಥ ಕಡೆ ಒಂದು ಹೆಚ್ಚಾದರೆ ಇನ್ನೊಂದು ಕಡಿಮೆಯಾಗುವ ದಾರಿಯೇ ಇಲ್ಲ, ಎರಡೂ ಒಂದೇ ಬೆಂಕಿಯಲ್ಲಿ ಉರಿಯುತ್ತವೆ. ಇಲ್ಲೂ ನಾಳೆ ಒಪ್ಪಿಗೆ ಸಿಕ್ಕರೆ ನಮ್ಮವರು ಸೇದುವುದು ಯಾವ ಪದ್ಧತಿಯಲ್ಲಿ ಅನ್ನುವುದನ್ನು ಮೊದಲು ಕೇಳಿಕೊಳ್ಳಬೇಕು.

7. ನನ್ನ ನಿಲುವು

2020ರ ಡಿಸೆಂಬರಿನಲ್ಲಿ ವಿಶ್ವಸಂಸ್ಥೆಯ ಆಯೋಗ ಗಾಂಜಾವನ್ನು 1961ರ ಒಪ್ಪಂದದ ಅತಿ ಕಠಿಣ ಪಟ್ಟಿಯಿಂದ ತೆಗೆಯಿತು. ಭಾರತ ಅದರ ಪರವಾಗಿ ಮತ ಹಾಕಿತು. ಹಾಗಾಗಿ ಈ ಚರ್ಚೆ ನಮ್ಮ ಬಾಗಿಲಿಗೂ ಬರುತ್ತದೆ. ಬಂದಾಗ ಎರಡು ಪ್ರಶ್ನೆಗಳನ್ನು ಬೇರೆ ಬೇರೆ ಇಡಬೇಕು ಅನ್ನುವುದೇ ನನ್ನ ಪ್ರಬಂಧದ ಸಾರ.

ಭಜನೆ ಮನೆಯ ಮುದುಕನನ್ನು ಚಿಲುಮೆಗಾಗಿ ಜೈಲಿಗೆ ಕಳಿಸುವುದು ನ್ಯಾಯವೇ ಅನ್ನುವುದು ಒಂದು ಪ್ರಶ್ನೆ. ಅಲ್ಲ ಅನ್ನುವುದು ನನ್ನ ಉತ್ತರ. ಅದಕ್ಕೆ ಅವನ ಘನತೆ, ಅವನ ಪರಂಪರೆ, ಶಿಕ್ಷೆಯ ಅಳತೆ ಇಷ್ಟೇ ಕಾರಣ ಸಾಕು. ಊರಿನ ಕುಡಿತ ನಿಲ್ಲಿಸುವುದು ಹೇಗೆ ಅನ್ನುವುದು ಇನ್ನೊಂದು ಪ್ರಶ್ನೆ. ಅದಕ್ಕೆ ಸೊಪ್ಪು ಉತ್ತರ ಅಲ್ಲ. ಮೊದಲನೆಯದನ್ನು ಗೆಲ್ಲಲು ಎರಡನೆಯದರ ಭರವಸೆ ಕೊಟ್ಟರೆ, ಆ ಭರವಸೆ ಈಡೇರದಿದ್ದಾಗ ಮತ್ತೆ ಮೋಸ ಹೋಗುವವಳು ಮನೆಯ ಹೆಂಗಸು. 1894ರಲ್ಲಿ ಖಜಾನೆಯ ಅನುಕೂಲಕ್ಕೆ ಬಳಸಿದ ವಾದವನ್ನು ನಾವು ಈಗ ಸ್ವಾತಂತ್ರ್ಯದ ಹೆಸರಲ್ಲಿ ಎತ್ತಿಕೊಳ್ಳುವ ಮುಂಚೆ ಸ್ವಲ್ಪ ಯೋಚಿಸಬೇಕು.

ಸಂವಾದದಿಂದ

ಮಾತಿನ ನಂತರ ಬಂದ ಪ್ರಶ್ನೆಗಳಲ್ಲಿ ಎರಡನ್ನು ಇಲ್ಲಿ ಸೇರಿಸಿದ್ದೇನೆ. ತಾಳವಾಡಿ ಕಡೆಯ ಒಬ್ಬ ಮೇಷ್ಟ್ರು, "ಹಾಗಾದರೆ ಪಾನನಿಷೇಧ ಸೋತಿತು ಅಂತಲಾ?" ಅಂದರು. ಇಲ್ಲ ಸಾರ್. ಸರ್ಕಾರ ಮೇಲಿನಿಂದ ತಂದದ್ದು ಗಡಿಯಲ್ಲಿ ಸೋರಿತು. ಆದರೆ ಹೆಂಗಸರು ಊರಿನೊಳಗೆ ಮುಚ್ಚಿಸಿದ ಸಾರಾಯಿ ಅಂಗಡಿ ಆಂಧ್ರದಲ್ಲಿ ಮತ್ತೆ ಕಾನೂನಿನ ಒಪ್ಪಿಗೆಯಿಂದ ತೆರೆದಿಲ್ಲ. ಸಂಪೂರ್ಣ ನಿಷೇಧ ಎರಡೂವರೆ ವರ್ಷವೂ ಬಾಳಲಿಲ್ಲ, ಸಾರಾಯಿ ನಿಷೇಧ ಮೂವತ್ತು ವರ್ಷ ದಾಟಿದೆ.

ಸೊಲ್ಲಾಪುರದ ಸಂಶೋಧಕಿಯೊಬ್ಬರು, ಬೀಡಿ ಇಳಿದರೆ ಬೀಡಿ ಕಟ್ಟುವವರ ಗತಿ ಏನು ಅಂತ ಕೇಳಿದರು. ಮೇಡಂ, ರಾಜಾಜಿ ಖಜಾನೆಗೆ ಬೇರೆ ದಾರಿ ಹುಡುಕಿದ ಹಾಗೆ ಈ ಕೈಗಳಿಗೂ ಬೇರೆ ದಾರಿ ಹುಡುಕಬೇಕಾಗುತ್ತದೆ. ಅಮಲಿನ ಚರಿತ್ರೆ ಬರೆಯುವಾಗ ಸೇದಿದವರ, ಕುಡಿದವರ ಲೆಕ್ಕ ಸಿಗುತ್ತದೆ, ಕಟ್ಟಿದವರ ಲೆಕ್ಕವನ್ನು ನಾವೇ ಹುಡುಕಿ ಬರೆಯಬೇಕು. ಸೊಲ್ಲಾಪುರದ ಆ ಮನೆಗಳಲ್ಲಿ ಕನ್ನಡ ಮಾತಾಡುವ ಅಜ್ಜಿಯರು ಇನ್ನೂ ಇದ್ದಾರೆ. ಅವರ ಮಾತನ್ನು ಅಲ್ಲಿನ ವಿದ್ಯಾರ್ಥಿಗಳು ಬರೆದಿಟ್ಟರೆ, ನಮ್ಮ ಮಡಕಶಿರಾದ ಭಜನೆಯವರ ಮಾತಿನ ಜೊತೆ ಅದನ್ನು ಇಟ್ಟು ನೋಡಬಹುದು.